ಎಐ ನಿಯಂತ್ರಣ ಮತ್ತು ಮಹಿಳಾ ಹಕ್ಕು: ಕೊಪ್ಪಳ ಜಿಲ್ಲೆಯಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡಲು ವಿಷಯ ಹೇಗೆ ಕಟ್ಟಿಕೊಳ್ಳಬೇಕು?

ಗಂಗಾವತಿ_ಎಲ್‌ಎಲ್‌ಎಂ:

ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಎಂ ಆಗಿದೆ, ಸಂವಿಧಾನ ಕಾನೂನು, ಶೇ 57. ವಯಸ್ಸು 31, ಊರು ಗಂಗಾವತಿ. ಸದ್ಯ ಊರು ಬಿಟ್ಟು ಹೋಗುವ ಹಾಗಿಲ್ಲ. "ಕೃತಕ ಬುದ್ಧಿಮತ್ತೆ ಮತ್ತು ಮಹಿಳಾ ಹಕ್ಕುಗಳು: ಒಂದು ವಿಮರ್ಶಾತ್ಮಕ ಅಧ್ಯಯನ" ಎಂದು ಬರೆದ ಸಿನಾಪ್ಸಿಸ್ "ಇದು ಇಡೀ ತುಂಗಭದ್ರಾ ಡ್ಯಾಮು, ಒಂದು ಕೊಡ ತುಂಬಿಕೊಂಡು ಬಾ" ಅನ್ನುವ ಮಾತಿನೊಂದಿಗೆ ವಾಪಸ್ ಬಂತು. ಯಾವ ಕೊಡ ಅನ್ನುವುದೇ ಪ್ರಶ್ನೆ.

ಅಂಗನವಾಡಿಯಲ್ಲಿ ಮುಖ ತೋರಿಸಿ ಪಡಿ ತಗೊಳ್ಳುವುದು, ಗೃಹಲಕ್ಷ್ಮಿ ಅರ್ಜಿ ತಿರಸ್ಕಾರ, ಡೀಪ್‌ಫೇಕ್. ಈ ಮೂರರಲ್ಲಿ ಯಾವುದು ಪಿಎಚ್‌ಡಿಗೆ ನಿಲ್ಲುತ್ತದೆ? ಕಾನೂನು ವಿಭಾಗಕ್ಕೆ ಸೇರಬೇಕಾ, ಮಹಿಳಾ ಅಧ್ಯಯನಕ್ಕಾ? ಕೋಡಿಂಗ್ ಬಾರದಿದ್ದರೆ ನಡೆಯುತ್ತದಾ? ಫೆಲೋಶಿಪ್‌ಗೆ ವಯಸ್ಸು ಮೀರಿತಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕಲಂ_ಕಡತ:

ಮೇಡಂ, ಮೂರಕ್ಕೂ ಒಂದೇ ಪ್ರಶ್ನೆ ಹಾಕಿ ನೋಡಿ: ಇಲ್ಲಿ ಯಂತ್ರ ಯಾವ ನಿರ್ಧಾರ ತಗೊಳ್ಳುತ್ತದೆ, ಅದರಿಂದ ಯಾವ ಕಾನೂನಿನ ಯಾವ ಕಲಂ ಕೊಟ್ಟ ಹಕ್ಕು ತಪ್ಪುತ್ತದೆ, ತಪ್ಪಿದರೆ ಯಾರು ಉತ್ತರ ಕೊಡಬೇಕು? ಮೂರಕ್ಕೂ ಉತ್ತರ ಸಿಗುವ ವಿಷಯ ನಿಲ್ಲುತ್ತದೆ, ಉಳಿದದ್ದು ಪ್ರಬಂಧ ಸ್ಪರ್ಧೆಗೆ ಸಾಕು.

ಡೀಪ್‌ಫೇಕ್ ಮೊದಲು ನೋಡೋಣ. ಕಾನೂನಿನ ಪ್ರಶ್ನೆ ಗಟ್ಟಿಯಾಗಿದೆ. ಐಟಿ ಕಾಯ್ದೆಯ 66ಇ ಆಗಲಿ, ಭಾರತೀಯ ನ್ಯಾಯ ಸಂಹಿತೆಯ 77 ಆಗಲಿ, ಇರುವ ದೇಹವನ್ನು ಕದ್ದು ಚಿತ್ರ ತೆಗೆಯುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಯಂತ್ರ ಹುಟ್ಟಿಸಿದ ದೇಹ ಅದರೊಳಗೆ ಸಲೀಸಾಗಿ ಕೂರುವುದಿಲ್ಲ. 67 ಮತ್ತು 67ಎ ಅಶ್ಲೀಲತೆಯ ಕಲಂಗಳು, ಅಲ್ಲಿ ಹೆಣ್ಣಿನ ಒಪ್ಪಿಗೆಯ ಮಾತೇ ಇಲ್ಲ. ಆದರೆ ಜಿಲ್ಲಾ ಮಟ್ಟದಲ್ಲಿ ಕ್ಷೇತ್ರಕಾರ್ಯ ಮಾಡಲು ಹೊರಟರೆ ಕೈ ಖಾಲಿ. ಲೈಂಗಿಕ ಅಪರಾಧದ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕುವುದಿಲ್ಲ, ಸಿಇಎನ್ (ಸೈಬರ್ ಅಪರಾಧದ) ಠಾಣೆ ಕಡತ ಬಿಚ್ಚುವುದಿಲ್ಲ, ಸಂತ್ರಸ್ತೆಯ ಗುರುತು ಕಾಯುವ ಹೊಣೆ ನಿಮ್ಮ ಮೇಲೂ ಇದೆ. ಬರೀ ಪುಸ್ತಕದ ಮೇಲೆ ಬರೆಯುವುದಾದರೆ ಮಾಡಬಹುದು. ಸಾಮಾಜಿಕ ಜಾಲತಾಣದಂಥ ಮಧ್ಯವರ್ತಿಗಳ 2021ರ ನಿಯಮಗಳು ಪದೇ ಪದೇ ತಿದ್ದುಪಡಿಯಾಗಿವೆ, ಹಳೆಯ ಪ್ರತಿ ಇಟ್ಟುಕೊಂಡು ಅಧ್ಯಾಯ ಬರೆಯಬೇಡಿ.

ಗೃಹಲಕ್ಷ್ಮಿಯಲ್ಲಿ ಒಂದು ಬಲೆ ಇದೆ. ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರೋ ಆಗಿದ್ದರೆ ತಿಂಗಳ 2,000 ರೂಪಾಯಿ ಇಲ್ಲ. ಒಂದು ಪಟ್ಟಿಯನ್ನು ಇನ್ನೊಂದು ಪಟ್ಟಿಯ ಜೊತೆ ತಾಳೆ ಹಾಕಿದರೆ ಮುಗಿಯಿತು, ಇದು ಎಐ ಅಲ್ಲ. ಯುರೋಪಿನ ಎಐ ಕಾಯ್ದೆಯೇ, ಅಂದರೆ 2024ರ 1689ನೇ ನಿಯಮಾವಳಿಯೇ, ಮನುಷ್ಯರು ಬರೆದಿಟ್ಟ ನಿಯಮವನ್ನು ಹಾಗೇ ಜಾರಿ ಮಾಡುವ ವ್ಯವಸ್ಥೆ ತನ್ನ ವ್ಯಾಖ್ಯೆಗೆ ಬರುವುದಿಲ್ಲ ಎಂದು ಪೀಠಿಕೆಯ 12ನೇ ಪರಿಚ್ಛೇದದಲ್ಲಿ ಹೇಳಿದೆ. ಶೀರ್ಷಿಕೆಯಲ್ಲಿ ಎಐ ಅಂತ ಇಟ್ಟು ಒಳಗೆ ಗೃಹಲಕ್ಷ್ಮಿ ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಬೀಳುತ್ತೀರಿ. ಈ ವಿಷಯವೇ ಬೇಕೆಂದರೆ "ಸ್ವಯಂಚಾಲಿತ ನಿರ್ಧಾರ" ಎಂಬ ಪದ ಹಿಡಿಯಿರಿ, ಅದರಲ್ಲಿ ಎರಡೂ ಬರುತ್ತವೆ. ಪಕ್ಕದ ತೆಲಂಗಾಣದ ಸಮಗ್ರ ವೇದಿಕಾ (ಸರ್ಕಾರಿ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸುವ ವ್ಯವಸ್ಥೆ) ಹೋಲಿಕೆಗೆ ಚೆನ್ನಾಗಿದೆ. ಅಲ್ಲಿ ರದ್ದಾದ ಪಡಿತರ ಚೀಟಿಗಳನ್ನು ಮನೆ ಮನೆಗೆ ಹೋಗಿ ಮರುಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು.

ನನ್ನ ಓಟು ಅಂಗನವಾಡಿಗೆ. ಅಂಗನವಾಡಿಯ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್ 2021ರ ಮಾರ್ಚ್‌ನಿಂದ ಇದೆ. ಮನೆಗೆ ಒಯ್ಯುವ ಪಡಿಗೆ ಮುಖ ದೃಢೀಕರಣ 2025ರ ಜುಲೈ 1ರಿಂದ ಕಡ್ಡಾಯವಾಯಿತು. ನಿರ್ಧಾರ ಯಾವುದು? "ಈ ಮುಖ ಈಕೆಯದೇ" ಅಥವಾ "ಅಲ್ಲ". ಹಕ್ಕು ಯಾವುದು? ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013, ಕಲಂ 4: ಗರ್ಭಿಣಿ ಮತ್ತು ಬಾಣಂತಿಗೆ ಅಂಗನವಾಡಿ ಮೂಲಕ ಉಚಿತ ಆಹಾರ. ಇದು ಸರ್ಕಾರದ ದಯೆಯಲ್ಲ, ಕಾಯ್ದೆಯ ಮಾತು. ಆಹಾರ ಸಿಗದಿದ್ದರೆ ಕಲಂ 8ರಡಿ ಭತ್ಯೆ ಕೇಳಬಹುದು, ದೂರು ಕೇಳಲು ಕಲಂ 15ರಡಿ ಜಿಲ್ಲಾ ಕುಂದುಕೊರತೆ ಅಧಿಕಾರಿ ಇರಬೇಕು. ಯಂತ್ರ "ಅಲ್ಲ" ಎಂದದ್ದನ್ನು ಈ ಅಧಿಕಾರಿಯ ಮುಂದೆ ಹೇಗೆ ಪ್ರಶ್ನಿಸುವುದು? ನಿಮ್ಮ ಕೊಡ ಇದೇ. ಇಡೀ ಪ್ರಬಂಧ ಅಷ್ಟರೊಳಗೆ ಹಿಡಿಯುತ್ತದೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಸಮಾನತೆಯ ವಾದ. ಸುಪ್ರೀಂ ಕೋರ್ಟಿನ 2021ರ ನಿತಿಶಾ ತೀರ್ಪು ಪರೋಕ್ಷ ತಾರತಮ್ಯವನ್ನು ಒಪ್ಪಿದೆ: ಉದ್ದೇಶ ಬೇಕಿಲ್ಲ, ಪರಿಣಾಮ ಸಾಕು. ಎಐ ಪ್ರಬಂಧಗಳೆಲ್ಲ ಅದರ ಬೆನ್ನು ಹತ್ತುತ್ತವೆ. ಆದರೆ ಅಂಗನವಾಡಿ ಸಾಲಿನಲ್ಲಿ ನಿಂತವರೆಲ್ಲ ಹೆಣ್ಣುಮಕ್ಕಳೇ. ಗಂಡಸರಿಗಿಂತ ಹೆಚ್ಚು ತೊಂದರೆ ಎಂದು ತೋರಿಸಲು ಹೋಲಿಸುವುದಕ್ಕೆ ಯಾರಿದ್ದಾರೆ? ಹಾಗಾಗಿ ತಾರತಮ್ಯ ಬೇಡವೆನ್ನುವ ಸಂವಿಧಾನದ 15(1)ನ್ನು ಮುಖ್ಯ ಕಂಬ ಮಾಡಬೇಡಿ. ಜೀವಿಸುವ ಹಕ್ಕಿನ 21ನೇ ವಿಧಿ, ಖಾಸಗಿತನದ ಹಕ್ಕು ಎತ್ತಿಹಿಡಿದ ಪುಟ್ಟಸ್ವಾಮಿ ತೀರ್ಪಿನ (2017) ಅನುಪಾತದ ಪರೀಕ್ಷೆ (ಉದ್ದೇಶಕ್ಕೆ ತಕ್ಕಷ್ಟೇ ನಿರ್ಬಂಧವೇ ಎಂದು ನೋಡುವುದು), ಜೊತೆಗೆ ಕಲಂ 4, ಇವು ಮೂರು ಕಂಬ. ನಿತಿಶಾ ಬೇಕಾದರೆ ಹೆಣ್ಣುಮಕ್ಕಳ ನಡುವಿನ ಹೋಲಿಕೆಗೆ ಬಳಸಿ: ಬಿಸಿಲಲ್ಲಿ ದುಡಿಯುವವರು, ಸ್ವಂತ ಫೋನ್ ಇಲ್ಲದವರು, ತಾಂಡಾದವರು.

ಎರಡು, ಯುರೋಪಿನ ಕಾಯ್ದೆಯನ್ನು ಮಾದರಿ ಎಂದು ಹೊಗಳಿ ಕೈ ತೊಳೆದುಕೊಳ್ಳುವುದು. ಅದರ 3ನೇ ಅನುಬಂಧ ಓದಿ. ಗುಂಪಿನಲ್ಲಿ ಮುಖ ಹುಡುಕುವುದು ಹೆಚ್ಚು ಅಪಾಯದ ಪಟ್ಟಿಯಲ್ಲಿದೆ, "ನೀನು ನೀನೇನಾ" ಎಂದಷ್ಟೇ ಕೇಳುವ ದೃಢೀಕರಣವನ್ನು ಹೆಸರು ಹೇಳಿಯೇ ಹೊರಗಿಟ್ಟಿದ್ದಾರೆ. ಅದೇ ಅನುಬಂಧದ 5ನೇ ಅಂಶ ಸರ್ಕಾರಿ ಸವಲತ್ತಿನ ಅರ್ಹತೆ ಅಳೆಯುವ ವ್ಯವಸ್ಥೆಯನ್ನು ಒಳಗಿಟ್ಟಿದೆ. ನಮ್ಮ ಅಂಗನವಾಡಿ ಕ್ಯಾಮೆರಾ ಎರಡರ ನಡುವಿನ ಸಂದಿಯಲ್ಲಿ ಬೀಳುತ್ತದೆ: ಕಾಗದದ ಮೇಲೆ ಬರೀ ಗುರುತು, ನಡೆಯುವುದು ಸವಲತ್ತಿನ ನಿರ್ಧಾರ. ಈ ಸಂದಿ ಒಂದು ಪೂರ್ತಿ ಅಧ್ಯಾಯ ಕೊಡುತ್ತದೆ. ಹೆಚ್ಚು ಅಪಾಯದ ಭಾಗ ಮೂಲ ಪಠ್ಯದ ಪ್ರಕಾರ 2026ರ ಆಗಸ್ಟ್ 2ರಿಂದ ಅನ್ವಯ. ಮುಂದೂಡುವ ಪ್ರಸ್ತಾವವನ್ನು ಯುರೋಪಿಯನ್ ಕಮಿಷನ್ 2025ರ ನವೆಂಬರ್‌ನಲ್ಲಿ ಮಂಡಿಸಿದೆ, ದಿನಾಂಕ ಬರೆಯುವ ಮುನ್ನ ಆಗಿನ ಸ್ಥಿತಿ ನೋಡಿಕೊಳ್ಳಿ.

ನಮ್ಮಲ್ಲಿ ಎಐಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯ 2025ರ ನವೆಂಬರ್ 5ರಂದು ಹೊರಡಿಸಿದ್ದು ಮಾರ್ಗಸೂಚಿ, ಕೋರ್ಟಿನಲ್ಲಿ ಜಾರಿ ಮಾಡಿಸುವಂಥದ್ದಲ್ಲ. ಯಂತ್ರದ ನಿರ್ಧಾರವನ್ನು ಬಿಡಿಸಿ ಹೇಳಬೇಕು ಎಂಬ ಮಾತು ಕರ್ನಾಟಕದ ಕಾಯ್ದೆಯಲ್ಲಿ ಕಾಣುವುದು 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ. ಊಟ ತಂದುಕೊಡುವವನಿಗೆ ಸಿಕ್ಕ ವಿವರಣೆಯ ಹಕ್ಕು ಬಾಣಂತಿಗೆ ಏಕಿಲ್ಲ ಅನ್ನುವುದು ಕೊನೆಯ ಅಧ್ಯಾಯಕ್ಕೆ ಒಳ್ಳೆಯ ಪ್ರಶ್ನೆ.

ಕೊನೆಗೆ ಭಾಷೆಯ ಒಂದು ಮಾತು. ಕನ್ನಡದಲ್ಲಿ ಬರೆಯುವುದಾದರೆ ಬಯಾಸ್‌ಗೆ "ಪಕ್ಷಪಾತ" ಅನ್ನಬೇಡಿ. ಪಕ್ಷಪಾತ ಅಂದರೆ ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ, ನೀವು ವಾದಿಸುವುದು ಉದ್ದೇಶ ಬೇಕಿಲ್ಲ ಎಂದು. "ವಾಲಿಕೆ" ಅನ್ನಿ. ತಕ್ಕಡಿ ವಾಲಲು ಯಾರ ಕೆಟ್ಟತನವೂ ಬೇಕಿಲ್ಲ.

ಸಿಂಧನೂರು_ಅಂಕಿಅಂಶ:

ಕಲಂ_ಕಡತ ಅವರು ಹೇಳಿದ ವಿಷಯಕ್ಕೆ ಅಳತೆಯ ಭಾಗ ನಾನು ಸೇರಿಸುತ್ತೇನ್ರಿ. ಕೋಡಿಂಗ್ ಬೇಕಾಗಿಲ್ಲ. ಬೇಕಾದದ್ದು ಎರಡು ತಪ್ಪುಗಳ ವ್ಯತ್ಯಾಸ: ಸರಿಯಾದ ಹೆಂಗಸನ್ನು "ಅಲ್ಲ" ಎಂದು ತಳ್ಳುವುದು ಒಂದು, ಬೇರೆಯವಳನ್ನು "ಹೌದು" ಎಂದು ಬಿಡುವುದು ಇನ್ನೊಂದು. ಎಲ್ಲಿ ಗೆರೆ ಎಳೆಯಬೇಕು ಎಂಬ ಗಡಿ ಅಂಕವನ್ನು ಯಾರೋ ಕೂತು ನಿಗದಿ ಮಾಡಿರುತ್ತಾರೆ. ಗೆರೆ ಬಿಗಿ ಮಾಡಿದರೆ ಕಳ್ಳತನ ಕಡಿಮೆ, ಹಸಿವು ಜಾಸ್ತಿ. ಸಡಿಲ ಮಾಡಿದರೆ ತಿರುಗಾ ಮುರುಗಾ. ಈ ಅಂಕ ನೀತಿಯ ಆಯ್ಕೆಯೇ ಹೊರತು ತಂತ್ರಜ್ಞಾನದ ಸತ್ಯವಲ್ಲ. ಇಷ್ಟು ಗಟ್ಟಿಯಾಗಿ ಗೊತ್ತಿದ್ದರೆ ಅರ್ಧ ದಾರಿ. ಎನ್‌ಪಿಟಿಇಎಲ್‌ನಲ್ಲಿ ಯಂತ್ರಕಲಿಕೆಯ ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು, ಪರೀಕ್ಷೆ ಬರೆದರೆ ಮಾತ್ರ ಶುಲ್ಕ.

ಒಂದು ಉಲ್ಲೇಖದ ತಪ್ಪು ಎಲ್ಲರೂ ಮಾಡುತ್ತಾರೆ. 2018ರ ಜೆಂಡರ್ ಶೇಡ್ಸ್ ಅಧ್ಯಯನದ (ಬುವೊಲಮ್ವಿನಿ ಮತ್ತು ಗೆಬ್ರು) ಶೇ 34.7 ಎಂಬ ಅಂಕಿ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಗರಿಷ್ಠ ತಪ್ಪು ಅಷ್ಟು, ಬಿಳಿ ಗಂಡಸರಲ್ಲಿ ಶೇ 0.8. ಆದರೆ ಅದು "ಇದು ಗಂಡೋ ಹೆಣ್ಣೋ" ಎಂದು ಹೇಳುವ ತಂತ್ರಾಂಶದ ಪರೀಕ್ಷೆ. ಮುಖ ತಾಳೆ ಹಾಕುವುದರ ಪರೀಕ್ಷೆ ಅಲ್ಲವೇ ಅಲ್ಲ. "ಮುಖ ಗುರುತಿಸುವಿಕೆ ಶೇ 34.7 ತಪ್ಪುತ್ತದೆ" ಎಂದು ಬರೆದಿರೋ, ತಿಳಿದವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಈಗ ಅಂಗನವಾಡಿ ಬಾಗಿಲಿಗೆ ಬರೋಣ. "ಆ್ಯಪ್ ತಗೊಳ್ಳಲಿಲ್ಲ" ಅಂತ ಟೀಚರ್ ಹೇಳುವ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಸೋಲು ಅಡಗಿರುತ್ತವೆ. ಮೊದಲನೆಯದು ಆಧಾರ್ ಇ-ಕೆವೈಸಿ: ಒಟಿಪಿ ಹೋಗುವ ನಂಬರ್ ಗಂಡನದು, ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ. ಎರಡನೆಯದು ಫೋಟೋ ತೆಗೆಯುವುದು: ಕಣ್ಣು ಮಿಟುಕಿಸಿ ಅಂದಾಗ ಕತ್ತಲ ಕೋಣೆಯಲ್ಲಿ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಮೂರನೆಯದು ತಾಳೆ: ಆಧಾರ್ ಫೋಟೋ ಹೈಸ್ಕೂಲ್ ಹುಡುಗಿಯದು, ಎದುರಿಗಿರುವುದು ಎಂಟು ತಿಂಗಳ ಗರ್ಭಿಣಿ. ನಾಲ್ಕನೆಯದು ನೆಟ್‌ವರ್ಕ್. ಇವುಗಳಲ್ಲಿ ಎಐ ಸೋತದ್ದು ಎರಡು ಮತ್ತು ಮೂರನೆಯದರಲ್ಲಿ ಮಾತ್ರ. ನಾಲ್ಕನ್ನೂ ಕೂಡಿಸಿ ಎಐ ವಿಫಲ ಅಂದರೆ ಪ್ರಬಂಧ ಸುಳ್ಳಾಗುತ್ತದೆ. ಆದರೆ ಒಂದನೆಯದನ್ನು ಬಿಡಬೇಡಿ. ಫೋನ್ ಯಾರ ಕೈಯಲ್ಲಿದೆ ಅನ್ನುವುದೇ ಮಹಿಳಾ ಹಕ್ಕಿನ ಪ್ರಶ್ನೆ, ಎಷ್ಟೋ ಸಲ ಕ್ಯಾಮೆರಾಕ್ಕಿಂತ ದೊಡ್ಡದು.

ಇನ್ನೊಂದು ನಮ್ಮ ಕಡೆಯದೇ ತೊಡಕು: ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಹೆಸರು ಗಂಡನ ಊರಿನ ಕೇಂದ್ರದಲ್ಲಿ, ಹೊಟ್ಟೆ ತವರಿನ ಕೇಂದ್ರದಲ್ಲಿ. ಆ್ಯಪ್‌ನಲ್ಲಿ ಕೇಂದ್ರ ಬದಲಿಸುವ ಸೌಲಭ್ಯ ಇದೆ, ಎರಡೂ ಕಡೆಯವರು ಹೊತ್ತಿಗೆ ಸರಿಯಾಗಿ ಮಾಡಬೇಕಷ್ಟೆ. ಇದನ್ನು ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ದಾಖಲೆ ಹಾಳೆಯಲ್ಲಿ ಏನೇನಿರಬೇಕು: ತಾರೀಖು, ಗಂಟೆ, ಒಳಗೋ ಹೊರಗೋ, ಬೆಳಕು, ಫೋನ್ ಮಾದರಿ, ಸಿಗ್ನಲ್, ಎಷ್ಟನೇ ಪ್ರಯತ್ನ, ಯಾವ ಹಂತದಲ್ಲಿ ನಿಂತಿತು, ಒಟ್ಟು ಎಷ್ಟು ನಿಮಿಷ, ಕೊನೆಗೆ ಪಡಿ ಸಿಕ್ಕಿತೇ. ಈ ಕೊನೆಯ ಎರಡನ್ನು ಜನ ಮರೆಯುತ್ತಾರೆ. ಒಬ್ಬಾಕೆ ಮೂರು ಸಲ ಸೋತು ನಾಲ್ಕನೇ ಸಲ ಗೆದ್ದಳು ಅನ್ನಿ. ಪ್ರಯತ್ನದ ಲೆಕ್ಕದಲ್ಲಿ ಸೋಲು ಶೇ 75, ಹೆಂಗಸಿನ ಲೆಕ್ಕದಲ್ಲಿ ಸೊನ್ನೆ. ಇಲಾಖೆ ಎರಡನೆಯದನ್ನು ತೋರಿಸುತ್ತದೆ, ಹೋರಾಟಗಾರರು ಮೊದಲನೆಯದನ್ನು. ನೀವು ಎರಡನ್ನೂ ಕೊಟ್ಟು, ನಡುವೆ ಹೋದ ನಲವತ್ತು ನಿಮಿಷದ ಕೂಲಿ ಯಾರದು ಎಂದು ಕೇಳಿ.

ಎಷ್ಟು ಜನ ಬೇಕು? ಸೋಲು ಹತ್ತಿರ ಹತ್ತಿರ ಶೇ 10 ಇರಬಹುದೆಂದು ಇಟ್ಟುಕೊಂಡು, ಆಚೆ ಈಚೆ ಶೇ 3ರೊಳಗೆ ಅಳೆಯಬೇಕೆಂದರೆ, ಶೇ 95ರ ವಿಶ್ವಾಸಕ್ಕೆ ಸುಮಾರು 385 ಜನ. ಇಲ್ಲಿಗೆ ನಿಲ್ಲಿಸಿದರೆ ತಪ್ಪು. ಒಂದೇ ಕೇಂದ್ರದ ಹೆಂಗಸರೆಲ್ಲ ಒಂದೇ ಫೋನ್, ಒಂದೇ ಟವರ್, ಒಂದೇ ಟೀಚರ್ ಕೆಳಗಿದ್ದಾರೆ, ಅವರ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೇಂದ್ರಕ್ಕೆ 20 ಜನರಂತೆ ತೆಗೆದುಕೊಂಡು, ಆ ಅಂಟನ್ನು 0.05 ಎಂದು ಹಿಡಿದರೆ, 1 + 19 × 0.05 = 1.95 ಪಟ್ಟು. ಅಂದರೆ ಸುಮಾರು 750 ಜನ, 38 ಕೇಂದ್ರ. ಒಬ್ಬರೇ ಓಡಾಡಲು ಹೆಚ್ಚಾಯಿತೆಂದರೆ ಅಂಕಿಯ ಆಸೆ ಬಿಟ್ಟು 8–10 ಕೇಂದ್ರಗಳನ್ನು ಆಳವಾಗಿ ನೋಡಿ, ಆಗ ಶೇಕಡಾವಾರು ಬರೆಯಬೇಡಿ. ಇಪ್ಪತ್ತು ಜನರನ್ನು ಕೇಳಿ "ಶೇ 65 ಮಹಿಳೆಯರು" ಎಂದು ಬರೆದ ಪ್ರಬಂಧಗಳು ಶೋಧಗಂಗಾದಲ್ಲಿ (ಪಿಎಚ್‌ಡಿ ಪ್ರಬಂಧಗಳ ಜಾಲತಾಣ) ಬೇಕಾದಷ್ಟಿವೆ, ಇನ್ನೊಂದು ಸೇರುವುದು ಬೇಡ.

ಕೊಪ್ಪಳ ಮತ್ತು ರಾಯಚೂರು ಎರಡನ್ನೂ ಇಟ್ಟುಕೊಳ್ಳಿ. ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿದೆ, ಕೊಪ್ಪಳ ಇಲ್ಲ. ಅದರಿಂದಾಗಿ 14ರಿಂದ 18 ವರ್ಷದ ಹದಿಹರೆಯದ ಹುಡುಗಿಯರ ಪೋಷಣೆ ಯೋಜನೆ ತುಂಗಭದ್ರಾ ಕಾಲುವೆಯ ಆ ಕಡೆ ಉಂಟು, ಈ ಕಡೆ ಇಲ್ಲ. ನೀರು ಒಂದೇ, ಪಟ್ಟಿ ಬೇರೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ಸಿಂಧನೂರು, ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು, ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳಲ್ಲಿ ಬಂಗಾಳಿ, ತಾಂಡಾಗಳಲ್ಲಿ ಲಂಬಾಣಿ, ಪೇಟೆಯಲ್ಲಿ ಉರ್ದು. ಓದಲು ಬಾರದವರಿಗೆ ಸಾಕ್ಷಿಯೆದುರು ಬಾಯಿಮಾತಿನ ಒಪ್ಪಿಗೆ. ಮುಖದ ಫೋಟೋ, ಆಧಾರ್ ಸಂಖ್ಯೆ ನೀವು ತೆಗೆದುಕೊಳ್ಳಲೇಬೇಡಿ, ನಿಮಗೆ ಅದರಿಂದ ಏನೂ ಆಗಬೇಕಿಲ್ಲ. ಇನ್ನೊಂದು ಬಹಳ ಮುಖ್ಯ: ಯಂತ್ರ ಬೇಡವೆಂದರೂ ಪಡಿ ಕೊಟ್ಟು ಕಳಿಸುವ ಟೀಚರ್ ಇರುತ್ತಾರೆ. ಕೇಂದ್ರದ ಹೆಸರು, ಊರು ಪ್ರಬಂಧದಲ್ಲಿ ಬಂದರೆ ಆಕೆಗೆ ನೋಟಿಸ್ ಬರಬಹುದು. ತಾಲೂಕು ಮಟ್ಟಕ್ಕಿಂತ ಕೆಳಗೆ ಹೆಸರಿಸಬೇಡಿ. ಕೋಷ್ಟಕದ ಯಾವುದೇ ಚೌಕದಲ್ಲಿ ಐದಕ್ಕಿಂತ ಕಡಿಮೆ ಜನ ಬಂದರೆ ಪಕ್ಕದ್ದರ ಜೊತೆ ಕೂಡಿಸಿಬಿಡಿ. ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಕ್ಷೇತ್ರಕ್ಕೆ ಇಳಿಯುವ ಮೊದಲೇ ಕೈಯಲ್ಲಿರಲಿ, ಆಮೇಲೆ ತಗೊಂಡ ಅನುಮತಿ ಹಿಂದಿನ ತಾರೀಖಿಗೆ ಅನ್ವಯಿಸುವುದಿಲ್ಲ.

ಬಳ್ಳಾರಿ_ಅಡ್ಮಿಷನ್:

ಪ್ರವೇಶದ ಭಾಗ ಚುಟುಕಾಗಿ.

ವಿಭಾಗ ಕಾನೂನೇ ಇರಲಿ. ಕಾನೂನು ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಎಲ್‌ಎಲ್‌ಎಂ ಮತ್ತು ಅದೇ ವಿಷಯದ ಅರ್ಹತೆ ನೋಡುತ್ತಾರೆ. ಮಹಿಳಾ ಅಧ್ಯಯನದ ಪಿಎಚ್‌ಡಿ ಹಿಡಿದು ಹೋದರೆ "ಸಂಬಂಧಿತ ವಿಷಯ ಹೌದೋ ಅಲ್ಲವೋ" ಎಂಬ ಜಗಳ ಪ್ರತಿ ಸಂದರ್ಶನದಲ್ಲೂ. ಕಾನೂನಿನಲ್ಲಿ ನೋಂದಾಯಿಸಿ ಸಹ ಮಾರ್ಗದರ್ಶಕರನ್ನು ಬೇರೆ ಕಡೆಯಿಂದ ತಗೊಳ್ಳಿ, 2022ರ ಯುಜಿಸಿ ಪಿಎಚ್‌ಡಿ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಒಂದು ದಾರಿ. ಮಹಿಳಾ ಅಧ್ಯಯನಕ್ಕೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಗಂಗಾವತಿಯಿಂದ ದೂರವಿಲ್ಲ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೆ. ತಂತ್ರಜ್ಞಾನದವರು ಬೇಕೆಂದರೆ ರಾಯಚೂರಿನ ಐಐಐಟಿ ಇದೆ. ಹೋಗುವ ಮುಂಚೆ ಗೈಡ್ ಹತ್ತಿರ ಜಾಗ ಇದೆಯೇ ಕೇಳಿ: ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳು, ಅದಕ್ಕಿಂತ ಹೆಚ್ಚಿಲ್ಲ.

ನಿಮ್ಮ ಶೇ 57 ಸಾಕು, 55 ಬೇಕಿರುವುದು. ಜೆಆರ್‌ಎಫ್ (ಯುಜಿಸಿಯ ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ವಯೋಮಿತಿ 30, ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಅಂದರೆ 35ರವರೆಗೆ ಬಾಗಿಲು ತೆರೆದೇ ಇದೆ, 2 ವರ್ಷದೊಳಗೆ ಗಂಭೀರವಾಗಿ ಕೂತು ನೆಟ್ ಬರೆಯಿರಿ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ (2023ರ ಜನವರಿಯಿಂದ ಈ ದರ), ಮನೆ ಬಾಡಿಗೆ ಭತ್ಯೆ ಬೇರೆ. ನೆಟ್‌ನಲ್ಲಿ 150 ಪ್ರಶ್ನೆ, 300 ಅಂಕ, 3 ಗಂಟೆ, ತಪ್ಪಿಗೆ ಅಂಕ ಕಡಿತವಿಲ್ಲ. 2024ರಿಂದ ಅದೇ ನೆಟ್ ಅಂಕ ಪಿಎಚ್‌ಡಿ ಪ್ರವೇಶಕ್ಕೂ ಬರುತ್ತದೆ: ಜೆಆರ್‌ಎಫ್ ಸಿಗದವರಿಗೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30, ಮತ್ತು ಆ ಅಂಕ ಒಂದೇ ವರ್ಷ ನಡೆಯುತ್ತದೆ. ಒಂದು ವರ್ಷ ಅನ್ನುವುದನ್ನು ಮರೆತವರು ಮತ್ತೆ ಪರೀಕ್ಷೆ ಬರೆಯುತ್ತಾರೆ. ರಾಜ್ಯದ್ದೇ ಪರೀಕ್ಷೆಯಾದ ಕೆ-ಸೆಟ್ ಪಾಸಾದರೆ ರಾಜ್ಯದಲ್ಲಿ ಪಾಠ ಮಾಡುವ ಅರ್ಹತೆ ಮಾತ್ರ, ಫೆಲೋಶಿಪ್ ಇಲ್ಲ.

ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಡಿ. ಅಧಿಸೂಚನೆ ಬಂದಮೇಲೆ ಓಡಿದರೆ ಎಲ್ಲರೂ ಅಲ್ಲೇ ಸಾಲು ನಿಂತಿರುತ್ತಾರೆ. ಮದುವೆಯಾದಮೇಲೆ ಹೆಸರು ಬದಲಾಗಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಎಲ್‌ಎಲ್‌ಎಂ ಪದವಿ ಮೂರರಲ್ಲೂ ಒಂದೇ ಕಾಗುಣಿತ ಇದೆಯೇ ನೋಡಿ. ಇನಿಶಿಯಲ್ ಹಿಂದೆ ಮುಂದೆ ಆದದ್ದಕ್ಕೇ ಅರ್ಜಿಗಳು ಬಾಕಿ ಬೀಳುತ್ತವೆ.

ಅವಧಿ: ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿಗೆ 2, ಮಹಿಳೆಯರಿಗೆ ಅದರ ಮೇಲೆ ಇನ್ನೂ 2. ಹೆರಿಗೆ ಅಥವಾ ಮಗುವಿನ ಆರೈಕೆಗೆ 240 ದಿನದವರೆಗೆ ರಜೆ. ಇದನ್ನು ಕಚೇರಿಯಲ್ಲಿ ತಾವಾಗಿ ಯಾರೂ ಹೇಳುವುದಿಲ್ಲ. ನಿಯಮದ ಪ್ರತಿ ಒಂದು ಜೊತೆಗಿಟ್ಟುಕೊಳ್ಳಿ.

ಗಂಗಾವತಿ_ಎಲ್‌ಎಲ್‌ಎಂ:

ಎಲ್ಲರಿಗೂ ದೊಡ್ಡ ನಮಸ್ಕಾರ. ಅಂಗನವಾಡಿಯನ್ನೇ ಹಿಡಿಯುತ್ತೇನೆ. ಒಂದು ಉಪಪ್ರಶ್ನೆ. ಇಲಾಖೆಯ ಅಂಕಿಗಳಿಗೆ ಆರ್‌ಟಿಐ ಹಾಕಿದರೆ "ಮಾಹಿತಿ ಲಭ್ಯವಿಲ್ಲ" ಅಂತಲೇ ಬರುತ್ತದಂತೆ. ಹೇಗೆ ಬರೆದರೆ ಸಿಗುತ್ತದೆ?

ಕಲಂ_ಕಡತ:

ಬರೆಯುವ ರೀತಿಯಲ್ಲೇ ಅರ್ಧ ಅರ್ಜಿಗಳು ಸಾಯುತ್ತವೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಇದನ್ನು ಮೀರಿದರೆ ತಿರಸ್ಕರಿಸಲು ಅಷ್ಟೇ ಸಾಕು. ಶುಲ್ಕ 10 ರೂಪಾಯಿ. "ಏಕೆ", "ಹೇಗೆ ಸಮರ್ಥಿಸುತ್ತೀರಿ" ಎಂದು ಕೇಳಬೇಡಿ. ಕಲಂ 2(ಎಫ್)ನ ಪ್ರಕಾರ ಅವರು ಕೊಡಬೇಕಿರುವುದು ದಾಖಲೆಯಲ್ಲಿ ಇರುವುದನ್ನು, ಹೊಸದಾಗಿ ಅಭಿಪ್ರಾಯ ಬರೆದುಕೊಡಬೇಕಿಲ್ಲ. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೀಗೆ ಬರೆಯಬಹುದು:

"ವಿಷಯ: ಪೋಷಣ್ ಟ್ರ್ಯಾಕರ್ ಮುಖ ದೃಢೀಕರಣ. ಗಂಗಾವತಿ ಯೋಜನಾ ವ್ಯಾಪ್ತಿ, ಅವಧಿ 01-07-2025ರಿಂದ 31-12-2025. (1) ಪ್ರತಿ ತಿಂಗಳು ಮನೆಗೆ ಒಯ್ಯುವ ಆಹಾರಕ್ಕೆ ನೋಂದಾಯಿತ ಫಲಾನುಭವಿಗಳ ಒಟ್ಟು ಸಂಖ್ಯೆ ಮತ್ತು ಮುಖ ದೃಢೀಕರಣದ ಮೂಲಕ ಪಡೆದವರ ಸಂಖ್ಯೆ ಇರುವ ತಿಂಗಳ ವರದಿಯ ಪ್ರತಿ. (2) ದೃಢೀಕರಣ ಆಗದಿದ್ದಾಗ ಅನುಸರಿಸಬೇಕಾದ ಕ್ರಮದ ಬಗ್ಗೆ ಈ ಕಚೇರಿಗೆ ಬಂದ ಮತ್ತು ಇಲ್ಲಿಂದ ಹೊರಟ ಸುತ್ತೋಲೆಗಳ ಪ್ರತಿ. (3) ಈ ವಿಷಯದ ದೂರು ವಹಿಯ ಪ್ರತಿ, ಹೆಸರು ಮತ್ತು ಗುರುತಿನ ಸಂಖ್ಯೆಗಳನ್ನು ಕಲಂ 10ರಂತೆ ಮುಚ್ಚಿ."

ಇಷ್ಟೇ. ಮೂರನೆಯದರ ಕೊನೆಯ ಸಾಲೇ ಜೀವಾಳ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಲಂ 44(3) ಆರ್‌ಟಿಐನ 8(1)(ಜೆ)ಯನ್ನು ಬದಲಿಸಿದೆ, 2025ರ ನವೆಂಬರ್‌ನಿಂದ ಜಾರಿ. ಮೊದಲು ಆ ಉಪಕಲಂನೊಳಗೇ ಸಾರ್ವಜನಿಕ ಹಿತದ ಬಾಗಿಲಿತ್ತು, ಈಗ "ವೈಯಕ್ತಿಕ ಮಾಹಿತಿ" ಎಂದರೆ ಸಾಕು, ಕೊಡುವುದಿಲ್ಲ. ಸಾರ್ವಜನಿಕ ಹಿತದ ವಾದಕ್ಕೆ ಉಳಿದಿರುವುದು 8(2). ಹೆಸರು ನೀವೇ ಬೇಡವೆಂದರೆ ಆ ತಕರಾರೇ ಹುಟ್ಟುವುದಿಲ್ಲ.

ಗಡಿ ಅಂಕ, ನಿಖರತೆಯ ಪರೀಕ್ಷಾ ವರದಿ, ಟೆಂಡರ್ ದಾಖಲೆ ಇವನ್ನು ಸಿಡಿಪಿಒ ಹತ್ತಿರ ಕೇಳಿ ಪ್ರಯೋಜನವಿಲ್ಲ. ಆ್ಯಪ್ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು, ಅದಕ್ಕೆ ಬೇರೆ ಅರ್ಜಿ ಹಾಕಿ. ತಪ್ಪು ಕಚೇರಿಗೆ ಹೋದರೆ ಕಲಂ 6(3)ರಡಿ 5 ದಿನದೊಳಗೆ ವರ್ಗಾಯಿಸಬೇಕು, ಆದರೆ ಅದನ್ನು ನಂಬಿ ಕೂರಬೇಡಿ. ಅಲ್ಲಿಂದ ವಾಣಿಜ್ಯ ರಹಸ್ಯ, 8(1)(ಡಿ) ಎಂದು ಉತ್ತರ ಬಂದರೆ ಅದನ್ನೂ ಜೋಪಾನ ಮಾಡಿ. ನಿರಾಕರಣೆಯ ಪತ್ರವೂ ನಿಮ್ಮ ಪ್ರಬಂಧಕ್ಕೆ ದತ್ತಾಂಶವೇ. 30 ದಿನಕ್ಕೆ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಎರಡನೆಯದು. ನಮ್ಮ ಭಾಗಕ್ಕೆ ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲಿದೆ. ಎರಡನೇ ಮೇಲ್ಮನವಿ ಹತ್ತುವ ಹೊತ್ತಿಗೆ ಕೋರ್ಸ್‌ವರ್ಕ್ ಮುಗಿದಿರುತ್ತದೆ, ಆದ್ದರಿಂದ ನೋಂದಣಿಯಾದ ವಾರವೇ ಅರ್ಜಿ ಹಾಕಿ.

ಬಾಧಿತ ಮಹಿಳೆಯೇ ಅರ್ಜಿ ಹಾಕಿದರೆ ಕಲಂ 4(1)(ಡಿ) ಇನ್ನೂ ಹರಿತ. ಆಡಳಿತಾತ್ಮಕ ನಿರ್ಧಾರಕ್ಕೆ ಕಾರಣವನ್ನು ಬಾಧಿತರಿಗೆ ಕೊಡಬೇಕು ಎಂದೇ ಅದು ಹೇಳುತ್ತದೆ. ಯಂತ್ರದ "ಅಲ್ಲ" ಆಡಳಿತಾತ್ಮಕ ನಿರ್ಧಾರವೇ ಎಂಬುದನ್ನು ಪ್ರಬಂಧದಲ್ಲಿ ನೀವು ವಾದಿಸಬೇಕು.

ಬಳ್ಳಾರಿ_ಅಡ್ಮಿಷನ್:

ಪ್ರಕಟಣೆಯ ಬಗ್ಗೆ ಒಂದು ಸಾಲು. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಲೇಬೇಕೆಂಬ ಷರತ್ತು 2022ರ ಯುಜಿಸಿ ನಿಯಮದಲ್ಲಿಲ್ಲ, ಆದರೂ ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ನೋಡಿ. ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ. "ನಮ್ಮದು ಕೇರ್ ಜರ್ನಲ್, ಮೂರೇ ದಿನದಲ್ಲಿ ಪ್ರಕಟ" ಎಂದು ವಾಟ್ಸ್‌ಆ್ಯಪ್‌ನಲ್ಲಿ ದುಡ್ಡು ಕೇಳುವವರನ್ನು ಬ್ಲಾಕ್ ಮಾಡಿ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದರೆ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ವಿದೇಶಿ ಜರ್ನಲ್‌ಗಳು ಲಾಗಿನ್‌ನಲ್ಲೇ ಸಿಗುತ್ತವೆ, 2025ರ ಜನವರಿಯಿಂದ ಇದೆ. ಲೈಬ್ರರಿಯವರ ಹತ್ತಿರ ಮನೆಯಿಂದ ನೋಡುವ ಲಾಗಿನ್ ಕೇಳಿ ಪಡೆಯಿರಿ. ಕೃತಿಚೌರ್ಯದ ಮಿತಿ ಶೇ 10.

ಸಿಂಧನೂರು_ಅಂಕಿಅಂಶ:

ಕ್ಷೇತ್ರಕ್ಕೆ ಯಾವಾಗ ಇಳಿಯಬೇಕು ಅನ್ನುವುದು ಬಿಟ್ಟುಹೋಗಿತ್ತು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಬೆಳಿಗ್ಗೆ ಊರಲ್ಲಿ ಹೆಣ್ಣುಮಕ್ಕಳೇ ಸಿಗುವುದಿಲ್ಲ. ಹತ್ತಿ ಬಿಡಿಸುವಾಗ ರಾಯಚೂರು, ಮಾನ್ವಿ ಕಡೆಯೂ ಹಾಗೇ. ಆಗ ಹೋದರೆ ಮನೆಯಲ್ಲಿ ಉಳಿದವರು ಮಾತ್ರ ಸಿಕ್ಕಿ ನಿಮ್ಮ ಮಾದರಿಯೇ ವಾಲುತ್ತದೆ, ಯಂತ್ರದ ವಾಲಿಕೆ ಅಳೆಯಲು ಹೋಗಿ. ಟೀಚರ್‌ಗೆ ಮುಂಚಿತವಾಗಿ ಫೋನ್ ಮಾಡಿ ಪಡಿ ಹಂಚುವ ದಿನ ಯಾವುದು ಕೇಳಿ, ಆ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮುನ್ನ ಅಲ್ಲಿರಿ. ಮುಖ ತಗೊಳ್ಳದೆ ವಾಪಸ್ ಹೋದವರು ಸಂಜೆ ಹೊಲದಿಂದ ಬಂದಮೇಲೆ ಮನೆಯಲ್ಲಿ ಸಿಗುತ್ತಾರೆ, ಸೂಪರ್‌ವೈಸರ್ ಎದುರಿಗಿಲ್ಲದೆ ಮಾತಾಡಿಸಲು ಆ ಹೊತ್ತೇ ಸರಿ. ಹಾಳೆಯಲ್ಲಿ ಬೆಳಿಗ್ಗೆ ನೀವು ಕಂಡದ್ದಕ್ಕೆ ಒಂದು ಕಾಲಂ, ಸಂಜೆ ಅವರು ಹೇಳಿದ್ದಕ್ಕೆ ಇನ್ನೊಂದು ಇಡಿ, ಎರಡನ್ನೂ ಬೆರೆಸಬೇಡಿ.